ಸೈಲೆಂಟ್ ವ್ಯಾಲಿಗೆ ಒಂದು ದಿನ: ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಸೈಲೆಂಟ್ ವ್ಯಾಲಿ ರಾಷ್ಟ್ರೀಯ ಉದ್ಯಾನದ ಮಾತು ಬಂದಾಗಲೆಲ್ಲ ಸುತ್ತಿ ಬಳಸಿ ಅವೇ ಪ್ರಶ್ನೆಗಳು ಬರುತ್ತವೆ. ಮದುವೆ ಮನೆಯಲ್ಲಿ ಊಟದ ಸಾಲಿನಲ್ಲಿ ಕೇಳಿದ್ದು, ಪತ್ರ ಬರೆದು ಕೇಳಿದ್ದು, ವಾಟ್ಸಾಪ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಕೇಳಿದ್ದು, ಎಲ್ಲ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ. ಮೊದಲ ಸಲ ಹೋಗುವವರಿಗೆ ಬೇಕಾದ್ದು ಮೇಲಿದೆ. ಕಾಡಿನ ಬಗ್ಗೆ ಇನ್ನಷ್ಟು ತಿಳಿಯಬೇಕು ಅನ್ನುವವರು ಕೆಳಗೆ ಹೋಗಿ.

## ಹೊರಡುವ ಮುಂಚೆ

ಇದು ಎಲ್ಲಿದೆ? ಬೆಂಗಳೂರಿಂದ ಒಂದೇ ದಿನದಲ್ಲಿ ಹೋಗಿ ಬರಬಹುದಾ?

ಪಾಲಕ್ಕಾಡ್ ಜಿಲ್ಲೆಯಲ್ಲಿ, ನೀಲಗಿರಿ ಬೆಟ್ಟಗಳ ನೈಋತ್ಯ ಮೂಲೆಯಲ್ಲಿದೆ. ಕಾಡಿನ ಒಳಗಿನ ತಿರುಗಾಟ ಒಂದು ದಿನದ್ದು, ನಿಜ. ಆದರೆ ಬೆಂಗಳೂರಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರುವ ಜಾಗ ಅಲ್ಲ. ರಾತ್ರಿ ಬಸ್ಸಿನಲ್ಲೋ ರೈಲಿನಲ್ಲೋ ಕೊಯಮತ್ತೂರು ಅಥವಾ ಪಾಲಕ್ಕಾಡ್‌ಗೆ ಬಂದು, ಮಣ್ಣಾರ್ಕಾಡ್ ಅಥವಾ ಕಾಡಿನ ಬಾಗಿಲಲ್ಲೇ ಇರುವ ಮುಕ್ಕಾಲಿಯಲ್ಲಿ ಒಂದು ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಮೊದಲ ಜೀಪಿಗೆ ಹೋಗುವುದು ಒಳ್ಳೆಯದು. ಮಂಗಳೂರು ಕಡೆಯವರಿಗೆ ಶೊರನೂರಿಗೆ ರೈಲು ಇದೆ, ಅಲ್ಲಿಂದ ಮಣ್ಣಾರ್ಕಾಡ್‌ಗೆ ರಸ್ತೆ. ಮೈಸೂರಿಂದ ಕಾರಿನಲ್ಲಿ ಬಂಡೀಪುರ ದಾಟಿ ಬರುವವರು ಒಂದು ಮಾತು ನೆನಪಿಡಿ: ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಆ ಕಾಡಿನ ರಸ್ತೆ ಬಂದ್.

ಆಯ್ಕೆ ಇದ್ದರೆ ಕೊಯಮತ್ತೂರಿಂದ ಆನೆಕಟ್ಟಿ, ಅಗಳಿ ಮೇಲೆ ಬರುವ ದಾರಿ ಹಿಡಿಯಿರಿ. ಆ ದಾರಿ ಹಾದುಬರುವ ಅಟ್ಟಪ್ಪಾಡಿ ಸೀಮೆಯ ಪೂರ್ವ ಭಾಗ ಮಳೆ ನೆರಳಿನ ಪ್ರದೇಶ. ಕುರುಚಲು ಗಿಡ, ಬೋಳು ಗುಡ್ಡ, ಮೇಯುವ ಆಡುಗಳು. ಪಶ್ಚಿಮಕ್ಕೆ ಬಂದ ಹಾಗೆ ಗುಡ್ಡಗಳಿಗೆ ಹಸಿರು ಹತ್ತುತ್ತಾ ಹೋಗಿ, ಮುಕ್ಕಾಲಿ ಬರುವಷ್ಟರಲ್ಲಿ ಬೇರೆ ರಾಜ್ಯಕ್ಕೇ ಬಂದ ಹಾಗಿರುತ್ತದೆ. ಬೆಟ್ಟ ಮಳೆಯನ್ನು ಹೇಗೆ ಹಂಚುತ್ತದೆ ಅನ್ನುವುದು ಕಿಟಕಿಯಲ್ಲೇ ಕಾಣುತ್ತದೆ.

ನಮ್ಮ ಕಾರಲ್ಲೇ ಒಳಗೆ ಹೋಗೋಕೆ ಬಿಡಲ್ವಾ?

ಬಿಡುವುದಿಲ್ಲ. ನಿಮ್ಮ ಗಾಡಿ ಮುಕ್ಕಾಲಿಯಲ್ಲೇ ನಿಲ್ಲಬೇಕು. ಅಲ್ಲಿಂದ ಕಾಡಿನೊಳಗಿನ ಸೈರಂಧ್ರಿವರೆಗೆ 23 ಕಿಲೋಮೀಟರ್, ಅರಣ್ಯ ಇಲಾಖೆ ಗೊತ್ತುಮಾಡಿದ ವಾಹನದಲ್ಲಿ, ಜೊತೆಗೆ ಒಬ್ಬ ಗೈಡ್ ಇಟ್ಟುಕೊಂಡು ಹೋಗಬೇಕು. ಗೈಡ್ ಬೇಡ, ದುಡ್ಡು ಉಳಿಸುತ್ತೇನೆ ಅಂದರೆ ಆಗುವುದಿಲ್ಲ. ಸುಮ್ನೆ ವಾದ ಮಾಡಬೇಡಿ.

ಬುಕಿಂಗ್ ಹೇಗೆ? ಒಬ್ಬರಿಗೆ ಎಷ್ಟಾಗತ್ತೆ?

ಅರಣ್ಯ ಇಲಾಖೆಯ ಮುಕ್ಕಾಲಿ ಕಚೇರಿಗೆ ಮೊದಲೇ ಫೋನ್ ಮಾಡಿ ಅಥವಾ ಆನ್‌ಲೈನ್‌ನಲ್ಲಿ ನೋಡಿ ಜಾಗ ಕಾದಿರಿಸಿ. ದರ ಆಗಾಗ ಬದಲಾಗುತ್ತದೆ. ಹಾಗಾಗಿ ಇಲ್ಲಿ ಅಂಕಿ ಬರೆದು ನಿಮ್ಮನ್ನು ದಾರಿ ತಪ್ಪಿಸುವುದಿಲ್ಲ, ಬುಕ್ ಮಾಡುವಾಗಲೇ ಕೇಳಿಕೊಳ್ಳಿ. ಖರ್ಚಿನ ದೊಡ್ಡ ಪಾಲು ಜೀಪಿನದು. ಜೀಪಿಗೆ ಇಷ್ಟು ಅಂತ ಲೆಕ್ಕವಾದ್ದರಿಂದ ನಾಲ್ಕೈದು ಜನ ಸೇರಿದರೆ ಹಗುರ, ಇಬ್ಬರೇ ಹೋದರೆ ಜೇಬಿಗೆ ಭಾರ. ಓಣಂ, ಕ್ರಿಸ್‌ಮಸ್, ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋದರೆ ಜನ ಕಡಿಮೆ, ಗೈಡ್‌ಗೂ ನಿಮ್ಮ ಜೊತೆ ಮಾತಾಡಲು ಪುರಸೊತ್ತು.

ಯಾವ ತಿಂಗಳು ಹೋದ್ರೆ ಒಳ್ಳೇದು?

ಡಿಸೆಂಬರಿನಿಂದ ಮಾರ್ಚ್‌ವರೆಗೆ ಆರಾಮ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ಹೊಡೆದು ಹಾಕುತ್ತದೆ. ರಸ್ತೆಗೆ ಮರ ಬೀಳುತ್ತದೆ, ಮಣ್ಣು ಕುಸಿಯುತ್ತದೆ, ಕೆಲವೊಮ್ಮೆ ಪ್ರವೇಶವನ್ನೇ ನಿಲ್ಲಿಸುತ್ತಾರೆ. ಅಕ್ಟೋಬರ್, ನವೆಂಬರ್‌ನಲ್ಲಿ ಹಿಂಗಾರು ಮಧ್ಯಾಹ್ನದ ಮೇಲೆ ಸುರಿಯುತ್ತದೆ, ಬೆಳಿಗ್ಗೆ ಮಾತ್ರ ಎಲ್ಲ ತೊಳೆದಿಟ್ಟ ಹಾಗಿರುತ್ತದೆ. ನನ್ನನ್ನು ಕೇಳಿದರೆ ಫೆಬ್ರವರಿ, ಮಾರ್ಚ್. ಕಾರಣ ಹವೆ ಅಲ್ಲ, ಒಂದು ಮರ. ಸಿಂಗಳೀಕ ಅನ್ನುವ ಕೋತಿಯ ಪ್ರಶ್ನೆಯಲ್ಲಿ ಹೇಳುತ್ತೇನೆ.

ನಮ್ಮ ಆಗುಂಬೆ, ಕುದುರೆಮುಖ ಇರುವಾಗ ಅಷ್ಟು ದೂರ ಯಾಕೆ ಹೋಗ್ಬೇಕು?

ಹೋಗಲೇಬೇಕು ಅಂತೇನಿಲ್ಲ. ಆಗುಂಬೆಯ ಕಾಡು ಯಾವುದಕ್ಕೂ ಕಡಿಮೆ ಅಲ್ಲ. ಆದರೆ ನಮ್ಮ ಕಡೆ ಮಳೆಕಾಡು ರಸ್ತೆ, ತೋಟ, ಗದ್ದೆ, ಅಣೆಕಟ್ಟಿನ ಹಿನ್ನೀರುಗಳ ನಡುವೆ ತುಂಡು ತುಂಡಾಗಿ ಸಿಗುತ್ತದೆ. ಸೈಲೆಂಟ್ ವ್ಯಾಲಿಯಲ್ಲಿ ಒಂದು ಇಡೀ ನದಿ ಕಣಿವೆ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಮನೆ ಇಲ್ಲದೆ, ಹೊಲ ಇಲ್ಲದೆ ಉಳಿದಿದೆ. ಆ ಅಖಂಡತೆಯನ್ನು ನೋಡಲು ಹೋಗಬೇಕು.

## ಆ ದಿನ

ಬೆಳಿಗ್ಗೆಯಿಂದ ಸಂಜೆವರೆಗೆ ಏನೇನಿರತ್ತೆ?

ಬೆಳಿಗ್ಗೆ 8ರ ಹೊತ್ತಿಗೆ ಒಳಗೆ ಬಿಡಲು ಶುರು ಮಾಡುತ್ತಾರೆ. ಮಧ್ಯಾಹ್ನ 1ರ ಮೇಲೆ ಹೊಸಬರನ್ನು ಕಳಿಸುವುದಿಲ್ಲ. ಹೋಗಿ ಬರಲು ನಾಲ್ಕೈದು ಗಂಟೆ. ಎಂಟಕ್ಕೇ ಕಚೇರಿ ಎದುರು ನಿಂತಿರಿ. ಹತ್ತು ಗಂಟೆಯ ಜೀಪಿಗೂ ಎಂಟು ಗಂಟೆಯ ಜೀಪಿಗೂ ಕಾಣುವುದರಲ್ಲಿ ಅಜಗಜಾಂತರ.

ಮೊದಲ ಸ್ವಲ್ಪ ದೂರ ತೋಟ, ಎಲೆ ಉದುರಿಸುವ ಕಾಡು, ಬಿಸಿಲು. ಆಮೇಲೆ ರಸ್ತೆ ಏರಿ ಬಳಸಿ ಹೋಗುತ್ತಿದ್ದ ಹಾಗೆ ಮರಗಳು ಎರಡೂ ಕಡೆಯಿಂದ ಮುಚ್ಚಿಕೊಳ್ಳುತ್ತವೆ. ಗಾಳಿ ತಣ್ಣಗಾಗುತ್ತದೆ. ಕಾಂಡಗಳ ಮೇಲೆ ಹಾವಸೆ, ಜರೀಗಿಡ, ಸೀತಾಳೆದಂಡೆ. ರಸ್ತೆ ಕೆಟ್ಟದ್ದು, ಜೀಪು ಕುಲುಕುತ್ತದೆ. ಒಳ್ಳೆಯದೇ ಆಯಿತು ಅನ್ನಿ, ನುಣ್ಣನೆಯ ರಸ್ತೆ ಇದ್ದಿದ್ದರೆ ಎಲ್ಲರೂ ಇಪ್ಪತ್ತು ನಿಮಿಷದಲ್ಲಿ ದಾಟಿಬಿಡುತ್ತಿದ್ದರು.

ಈ ದಾರಿಯಲ್ಲಿ ಗೈಡ್ ಏನು ನೋಡುತ್ತಾರೆ ಅಂತ ಗಮನಿಸಿ. ನಾವು ಪೊದೆಯಲ್ಲಿ ಪ್ರಾಣಿ ಹುಡುಕುತ್ತಿರುತ್ತೇವೆ, ಅವರು ರಸ್ತೆ ನೋಡುತ್ತಿರುತ್ತಾರೆ. ಇದ್ದಕ್ಕಿದ್ದ ಹಾಗೆ ಜೀಪು ನಿಲ್ಲಿಸಿ ಅಂತಾರೆ. ಕೆಳಗೆ ಬಿದ್ದಿರುವುದು ಅರ್ಧ ಕಚ್ಚಿದ ಒಂದು ಕಾಯಿ. ಕಚ್ಚಿದ ಜಾಗ ಇನ್ನೂ ಒದ್ದೆಯಾಗಿ ಬೆಳ್ಳಗಿದ್ದರೆ ತಿಂದವರು ತಲೆಯ ಮೇಲೇ ಇದ್ದಾರೆ. ಕಂದಿದ್ದರೆ ಹೊರಟು ಹೋಗಿದ್ದಾರೆ. ಎಂಜಿನ್ ಆಫ್ ಮಾಡಿಸಿ ಎರಡು ನಿಮಿಷ ಸುಮ್ಮನೆ ಕೂತರೆ ಮೇಲಿಂದ ಇನ್ನೊಂದು ಕಾಯಿ ಟಪ್ ಅಂತ ಬೀಳುತ್ತದೆ.

ಸೈರಂಧ್ರಿಯಲ್ಲಿ ಜೀಪಿನ ದಾರಿ ಮುಗಿಯುತ್ತದೆ. ಅಲ್ಲಿ ಸುಮಾರು 30 ಮೀಟರ್ ಎತ್ತರದ ಕಬ್ಬಿಣದ ವೀಕ್ಷಣಾ ಗೋಪುರ ಇದೆ. ಹತ್ತಿದರೆ ಕಣಿವೆ ಪೂರ್ತಿ ಕಾಣುತ್ತದೆ. ಅಲ್ಲಿಂದ ಒಂದೂವರೆ ಕಿಲೋಮೀಟರ್ ಇಳಿದು ನಡೆದರೆ ಕುಂತಿಪುಳ ನದಿ, ಅದರ ಮೇಲೆ ತೂಗುಸೇತುವೆ. ಹವಾಮಾನ ನೋಡಿಕೊಂಡು ಕೆಲವು ದಿನ ನದಿವರೆಗೆ ಬಿಡುವುದಿಲ್ಲ. ಬಿಟ್ಟರೆ ತಪ್ಪಿಸಿಕೊಳ್ಳಬೇಡಿ. ಈ ಒಂದು ದಿನದ ತಿರುಗಾಟದಲ್ಲಿ ಕಾಡಿನೊಳಗೆ ಕಾಲಿಟ್ಟು ನಡೆಯಲು ಸಿಗುವುದು ಆ ತುಣುಕು ಮಾತ್ರ.

ಹುಲಿ ಕಾಣ್ಸತ್ತಾ? ಆನೆ?

ಎರಡೂ ಇವೆ. ಚಿರತೆ, ಕಾಟಿ, ಕಡವೆ, ಕರಡಿಯೂ ಇವೆ. ಕಾಣುತ್ತವೆ ಅಂತ ಹೋಗಬೇಡಿ. ಆನೆಯ ಲದ್ದಿ ರಸ್ತೆಯಲ್ಲಿ ಸಿಗುವ ಸಾಧ್ಯತೆ ಆನೆಗಿಂತ ಜಾಸ್ತಿ.

ಬಂಡೀಪುರದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬಂಡೀಪುರದಲ್ಲಿ ಬಿಸಿಲು ನೆಲಕ್ಕೆ ಬೀಳುತ್ತದೆ, ಹುಲ್ಲು ಬೆಳೆಯುತ್ತದೆ, ಜಿಂಕೆ ಮೇಯುತ್ತದೆ, ಜಿಂಕೆಯ ಹಿಂದೆ ಹುಲಿ. ಮಳೆಕಾಡಿನಲ್ಲಿ ಬಿಸಿಲನ್ನೆಲ್ಲ ಮೇಲಿನ ಎಲೆಗಳೇ ಹಿಡಿದುಕೊಳ್ಳುತ್ತವೆ. ನೆಲದಲ್ಲಿ ಹುಲ್ಲೇ ಇಲ್ಲ ಅನ್ನುವಷ್ಟು ಕಡಿಮೆ. ಹೂವು, ಹಣ್ಣು, ಚಿಗುರು, ಹುಳು ಎಲ್ಲ ನೂರು ಅಡಿ ಮೇಲೆ. ಊಟ ಮೇಲಿದೆ, ಹಾಗಾಗಿ ಉಣ್ಣುವವರೂ ಮೇಲಿದ್ದಾರೆ. ಸಫಾರಿಯ ಅಭ್ಯಾಸದಲ್ಲಿ ನೆಲದ ಮಟ್ಟದಲ್ಲೇ ಕಣ್ಣಾಡಿಸುತ್ತಾ ಹೋದವರು "ಏನೂ ಇಲ್ಲ ಕಣ್ರೀ ಅಲ್ಲಿ" ಅಂತ ವಾಪಸ್ ಬರುತ್ತಾರೆ. ತಲೆ ಎತ್ತಿ ಹೋದವರಿಗೆ ಕೇಶಳಿಲು ಅನ್ನುವ ದೊಡ್ಡ ಅಳಿಲು, ಕರಿ ಮುಸುವ, ಮಂಗಟ್ಟೆ ಹಕ್ಕಿ ಸಿಗುವ ಅವಕಾಶ ಚೆನ್ನಾಗಿರುತ್ತದೆ. ಕತ್ತು ನೋಯುತ್ತದೆ, ಅಷ್ಟೇ.

ಸಿಂಗಳೀಕ ನೋಡ್ಲೇಬೇಕು ಅಂತಿದ್ದೀನಿ, ಏನ್ ಮಾಡ್ಲಿ?

ಮೊದಲು ಕರಿ ಮುಸುವ ಮತ್ತು ಸಿಂಗಳೀಕಗಳ ವ್ಯತ್ಯಾಸ ತಿಳಿದುಕೊಳ್ಳಿ. ಸಿಂಗಳೀಕ ನೋಡಿದೆ ಅಂದವರು ತೋರಿಸುವ ಫೋಟೋಗಳಲ್ಲಿ ಹಲವು ಮುಸುವನದು. ಎರಡೂ ಕಪ್ಪು, ಎರಡೂ ಮರದ ಮೇಲೆ. ಮುಸುವನ ಮೈ ಕಪ್ಪು, ತಲೆ ಮಾತ್ರ ಕಂದು ಹಳದಿ, ಬಾಲ ಉದ್ದ, ಕೊಂಬೆಯಿಂದ ನೇರ ಕೆಳಗೆ ಇಳಿಬಿದ್ದಿರುತ್ತದೆ. ಸಿಂಗಳೀಕದ ಮುಖದ ಸುತ್ತ ಬೂದು ಬಣ್ಣದ ಕೇಸರ, ಬಾಲ ಗಿಡ್ಡ, ತುದಿಯಲ್ಲಿ ಸಣ್ಣ ಕುಚ್ಚು. ಮುಸುವ ಕೊಂಬೆಯಿಂದ ಕೊಂಬೆಗೆ ಧಡ್ ಅಂತ ಹಾರುತ್ತದೆ. ಸಿಂಗಳೀಕ ಕೊಂಬೆಯ ಮೇಲೆ ನಾಲ್ಕು ಕಾಲಲ್ಲಿ ನಿಧಾನ ನಡೆಯುತ್ತಾ, ತೊಗಟೆ ಕೆದಕಿ ಹುಳು ಹೆಕ್ಕುತ್ತಾ, ಕೆನ್ನೆಯ ಚೀಲ ತುಂಬಿಕೊಳ್ಳುತ್ತಾ ಹೋಗುತ್ತದೆ.

ಈಗ ಆ ಮರದ ವಿಷಯ. ಮಲಯಾಳದಲ್ಲಿ ವೆಡಿಪ್ಲಾವು ಅಂತಾರೆ, ಸಸ್ಯಶಾಸ್ತ್ರದಲ್ಲಿ ಕುಲೇನಿಯಾ. ದೊಡ್ಡ ಮರ, ಎಲೆಯ ಅಡಿಭಾಗ ತಾಮ್ರದ ಬಣ್ಣ, ಕೊಂಬೆಗಳಿಗೇ ಅಂಟಿಕೊಂಡ ಮುಳ್ಳುಮುಳ್ಳು ಕಾಯಿ. ಬೇಸಿಗೆ ಶುರುವಾಗುವ ಹೊತ್ತಿಗೆ, ಬೇರೆ ಮರಗಳಲ್ಲಿ ಹಣ್ಣು ಕಡಿಮೆ ಇರುವಾಗ ಇದು ಹೂ ಬಿಡುತ್ತದೆ. ಹೂವಿಗೆ ಎಸಳೇ ಇಲ್ಲ, ಕೊಂಬೆಯುದ್ದಕ್ಕೂ ಕಂದು ಬಣ್ಣದ ಗೊಂಚಲು. ಆ ಹೂವಿನ ದಪ್ಪ ಸಿಹಿ ಭಾಗ ಸಿಂಗಳೀಕಕ್ಕೆ ಬಲು ಇಷ್ಟ. ಬಾವಲಿ, ಅಳಿಲು, ಮುಸುವಗಳೂ ಸಾಲು ಹಚ್ಚುತ್ತವೆ. ಮುಂದೆ ಕಾಯಿಯಾದಾಗ ಬೀಜಕ್ಕೆ ಬರುತ್ತವೆ. ಹಾಗಾಗಿ ಗೈಡ್‌ಗೆ "ಸಿಂಗಳೀಕ ತೋರಿಸಿ" ಅನ್ನುವ ಬದಲು "ವೆಡಿಪ್ಲಾವು ಎಲ್ಲಿ ಹೂ ಬಿಟ್ಟಿದೆ?" ಅಂತ ಕೇಳಿ. ನಿಮ್ಮ ಬಗ್ಗೆ ಅವರ ಅಭಿಪ್ರಾಯವೇ ಬದಲಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಕಾಣದೆ ಇರಬಹುದು. ಜಗತ್ತಿನಲ್ಲಿ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ ಪ್ರಾಣಿ ಇದು. ಕಾಡಿನಲ್ಲಿ ಉಳಿದಿರುವ ಬೆಳೆದ ಸಿಂಗಳೀಕಗಳು 2500ಕ್ಕಿಂತ ಕಡಿಮೆ ಎಂಬ ಅಂದಾಜಿದೆ.

ಜಿಗಣೆ ಕಾಟ ಜಾಸ್ತಿ ಅಂತಾರಲ್ಲ?

ಮಳೆಗಾಲದಲ್ಲಿ ಜಾಸ್ತಿ, ಫೆಬ್ರವರಿಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಮಲೆನಾಡಿನವರಿಗೆ ಉಂಬಳದ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. ಬಯಲುಸೀಮೆಯವರಿಗೆ ಎರಡು ಮಾತು. ಕಚ್ಚುವಾಗ ನೋವಾಗುವುದಿಲ್ಲ, ಹಾಗಾಗಿ ಗೊತ್ತೂ ಆಗುವುದಿಲ್ಲ. ಹತ್ತು ಹೆಜ್ಜೆಗೊಮ್ಮೆ ಕಾಲು ನೋಡಿಕೊಳ್ಳಿ. ಕಚ್ಚಿದ್ದರೆ ಎಳೆಯಬೇಡಿ, ಉಗುರನ್ನು ಚರ್ಮಕ್ಕೆ ಒತ್ತಿ ಪಕ್ಕದಿಂದ ಸರಿಸಿದರೆ ಬಿಡುತ್ತದೆ. ಬಿಟ್ಟ ಮೇಲೂ ರಕ್ತ ಒಸರುತ್ತಲೇ ಇರುತ್ತದೆ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶ ಇದೆ, ಹೆದರಬೇಡಿ, ತೊಳೆದು ಒತ್ತಿ ಹಿಡಿಯಿರಿ. ಮೊಣಕಾಲವರೆಗೆ ಬರುವ ಜಿಗಣೆ ಸಾಕ್ಸ್ ಹಾಕಿಕೊಂಡರೆ ಮುಕ್ಕಾಲು ಪಾಲು ಚಿಂತೆ ಕಳೆಯಿತು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮಳೆಗಾಲದಲ್ಲಿ ಹೋಗುವ ಮುಂಚೆ ಡಾಕ್ಟರನ್ನು ಕೇಳುವುದು ಒಳ್ಳೆಯದು.

ಏನ್ ಹಾಕ್ಕೊಂಡು ಹೋಗ್ಬೇಕು, ಏನ್ ತಗೊಂಡು ಹೋಗ್ಬೇಕು?

ಹಸಿರು, ಕಂದು, ಬೂದು ಬಟ್ಟೆ. ಹಿಡಿತ ಇರುವ ಶೂ. ಬೇಸಿಗೆಯಲ್ಲೂ ಒಂದು ಮಳೆ ಕೋಟು. ಸ್ಟೀಲ್ ಬಾಟಲಿಯಲ್ಲಿ ನೀರು. ಪ್ಲಾಸ್ಟಿಕ್ ಒಯ್ಯುವಂತಿಲ್ಲ, ಚಿಪ್ಸ್ ಪ್ಯಾಕೆಟ್ಟೂ ಸೇರಿ. ಒಂದು ವಸ್ತುವಿಗೆ ಮಾತ್ರ ದುಡ್ಡು ಹಾಕಿ ಅಂದರೆ ನಾನು ಹೇಳುವುದು ಬೈನಾಕ್ಯುಲರ್. ಪ್ರಾಣಿಗಳೆಲ್ಲ ಮೇಲಿರುವ ಕಾಡಿನಲ್ಲಿ ಬರಿಗಣ್ಣಿಗೆ ಕಪ್ಪು ಚುಕ್ಕೆ ಕಂಡರೆ ಅದೃಷ್ಟ. ಮನೆಗೊಂದಿದ್ದರೆ ಸಾಲದು, ಜೀಪಿನಲ್ಲಿ ಜಗಳ ಆಗುತ್ತದೆ.

ಒಳಗೆ ಊಟ, ಟಾಯ್ಲೆಟ್ ಸಿಗುತ್ತಾ?

ಮುಕ್ಕಾಲಿಯಲ್ಲಿ ಸಣ್ಣ ಹೋಟೆಲುಗಳಿವೆ. ಅಪ್ಪಂ, ಪುಟ್ಟು, ಕಡಲೆಕರಿ ತಿಂದು, ಮಧ್ಯಾಹ್ನಕ್ಕೆ ಊಟ ಹೇಳಿಟ್ಟು ಹೊರಡಿ. ಒಳಗೆ ಅಂಗಡಿ ಇದೆ ಅಂತ ನಂಬಿಕೊಂಡು ಹೋಗಬೇಡಿ. ಶೌಚದ ಕೆಲಸ ಮುಕ್ಕಾಲಿಯಲ್ಲೇ ಮುಗಿಸಿ. ಅಟ್ಟಪ್ಪಾಡಿಯಲ್ಲಿ ಪಾನನಿಷೇಧ ಇದೆ, ಬಾಟಲಿ ತರುವ ಯೋಚನೆ ಇದ್ದವರು ಅದನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಅಮ್ಮನಿಗೆ ಮಂಡಿ ನೋವು, ಮಗಳಿಗೆ ಐದು ವರ್ಷ. ಕರ್ಕೊಂಡು ಹೋಗ್ಲಾ?

ಮಗಳನ್ನು ಖಂಡಿತ. ಜೀಪಿನ ಕುಲುಕಾಟಕ್ಕೆ ವಾಂತಿ ಆಗುವ ಮಗುವಾದರೆ ಹೊಟ್ಟೆ ತುಂಬ ತಿನ್ನಿಸಬೇಡಿ. ಅಮ್ಮನ ವಿಷಯದಲ್ಲಿ ನಡಿಗೆಗಿಂತ ಜೀಪೇ ಕಷ್ಟ. ಬೆನ್ನು ನೋವಿದ್ದರೆ ಬೇಡ. ಮಂಡಿ ಮಾತ್ರ ಆದರೆ ಸೈರಂಧ್ರಿಯವರೆಗೆ ಬಂದು, ಗೋಪುರ ಹತ್ತದೆ, ನದಿಗೆ ಇಳಿಯದೆ ಕೂತರೂ ನಷ್ಟವಿಲ್ಲ. ಜನರ ಗುಂಪು ನದಿ ಕಡೆ ಹೋದ ಮೇಲೆ ಅಲ್ಲಿ ಹಕ್ಕಿಗಳು ಹತ್ತಿರ ಬರುತ್ತವೆ.

ಗೈಡ್‌ಗೆ ಕನ್ನಡ ಬರುತ್ತಾ? ನಮಗೆ ಮಲಯಾಳಂ ಬರಲ್ಲ.

ಗೈಡ್‌ಗಳಲ್ಲಿ ಹಲವರು ಸುತ್ತಲಿನ ಊರುಗಳವರೇ. ಅಟ್ಟಪ್ಪಾಡಿ ಇರುಳ, ಮುಡುಗ, ಕುರುಂಬ ಸಮುದಾಯದವರ ನೆಲ. ಅವರ ಮನೆಮಾತು ಬೇರೆ, ಮಲಯಾಳ, ತಮಿಳು ಎರಡೂ ಓಡುತ್ತದೆ. ನಿಮಗೆ ಸ್ವಲ್ಪ ತಮಿಳು ಬಂದರೆ ಸಾಕು. ಬರದಿದ್ದರೆ ಕನ್ನಡದಲ್ಲೇ ನಿಧಾನವಾಗಿ ಮಾತಾಡಿ. ಆನೆ, ಕಾಡು, ಮರ, ಹಾವು ಇವಕ್ಕೆಲ್ಲ ಅನುವಾದ ಬೇಕಿಲ್ಲ ಅಲ್ವಾ. ಹೆಸರು ಕೇಳಿ, "ಚೇಟ್ಟಾ" ಅನ್ನಿ, ಹೆಂಗಸಾದರೆ "ಚೇಚಿ". ಜೀಪಿನಲ್ಲಿ ಜೋರಾಗಿ ಹಾಡು ಹಾಕಿದರೆ ಅವರು ಏನೂ ಹೇಳುವುದಿಲ್ಲ, ಆದರೆ ಏನನ್ನೂ ತೋರಿಸುವುದೂ ಇಲ್ಲ.

ಡ್ರೋನ್ ಹಾರಿಸಬಹುದಾ? ದೊಡ್ಡ ಲೆನ್ಸ್ ತರ್ಬಹುದಾ?

ಡ್ರೋನ್ ಇಲ್ಲ. ಕ್ಯಾಮೆರಾಕ್ಕೆ ಬೇರೆ ಶುಲ್ಕ ಕಟ್ಟಿ ತರಬಹುದು. ಕಾಡಿನೊಳಗೆ ಬೆಳಕು ತೀರಾ ಕಡಿಮೆ, ಆಕಾಶದ ಬಿಳುಪಿನ ಎದುರು ಕಪ್ಪು ಪ್ರಾಣಿ. ಎಕ್ಸ್‌ಪೋಷರ್ ಹೆಚ್ಚಿಸಿಕೊಳ್ಳದಿದ್ದರೆ ಬರೀ ನೆರಳು ಸಿಗುತ್ತದೆ. ಫ್ಲ್ಯಾಶ್ ಬಳಸಬೇಡಿ.

## ಕಾಡಿನ ಬಗ್ಗೆ

ಪಾಂಡವರು ಇಲ್ಲಿದ್ರು ಅಂತಾರೆ, ಹೌದಾ?

ಸ್ಥಳೀಯರ ನಂಬಿಕೆ ಅದು. ಜಾಗ ಸೈರಂಧ್ರಿ, ಅಂದರೆ ಅಜ್ಞಾತವಾಸದ ದ್ರೌಪದಿ, ನದಿ ಕುಂತಿ, ಕೆಳಗೆ ಪಾತ್ರಕ್ಕಡವು ಅನ್ನುವ ಕಡವು. ಪಾಂಡವರು ಹೋಗದ ಕಾಡು ದಕ್ಷಿಣ ಭಾರತದಲ್ಲಿ ಯಾವುದಿದೆ ಹೇಳಿ.

ಇಲ್ಲಿ ಅಣೆಕಟ್ಟು ಕಟ್ಟಬೇಕಿತ್ತಂತೆ. ಯಾಕೆ ನಿಂತು ಹೋಯ್ತು?

ಗೋಪುರ ಹತ್ತುವ ಮುಂಚೆ ಇದು ಗೊತ್ತಿರಬೇಕು. ಗೊತ್ತಿದ್ದು ನೋಡುವುದೇ ಬೇರೆ.

ಕುಂತಿಪುಳ ಸೈರಂಧ್ರಿಯ ಹತ್ತಿರ ಕಿರಿದಾದ ಕಮರಿಯೊಳಗೆ ಇಳಿಯುತ್ತದೆ. ಹಿಂದೆ ಅಗಲ ಕಣಿವೆ, ಮುಂದೆ ಇಕ್ಕಟ್ಟು. ಎಂಜಿನಿಯರ್ ಕಣ್ಣಿಗೆ ಅಣೆಕಟ್ಟಿಗೆ ಹೇಳಿ ಮಾಡಿಸಿದ ಜಾಗ. ಬ್ರಿಟಿಷರ ಕಾಲದಲ್ಲೇ ಇದು ಕಣ್ಣಿಗೆ ಬಿದ್ದಿತ್ತು. 1973ರಲ್ಲಿ ಯೋಜನಾ ಆಯೋಗ ಜಲವಿದ್ಯುತ್ ಯೋಜನೆಗೆ ಒಪ್ಪಿತು. ಸುಮಾರು 130 ಮೀಟರ್ ಎತ್ತರದ ಕಟ್ಟೆ. ಮುಳುಗುತ್ತಿದ್ದದ್ದು 8 ಚದರ ಕಿಲೋಮೀಟರ್ ಚಿಲ್ಲರೆ. "ಅಷ್ಟೇ ತಾನೇ?" ಅಂತ ಆಗ ವಾದ ಮಾಡಿದವರು ಬಹಳ ಜನ. ಮಲಬಾರಿನಲ್ಲಿ ಕರೆಂಟಿನ ಕೊರತೆ ನಿಜವಾಗಿಯೂ ಇತ್ತು, ಅದನ್ನು ಸುಳ್ಳು ಅನ್ನುವ ಹಾಗಿಲ್ಲ.

ಆದರೆ ಮುಳುಗುವುದು ಕಣಿವೆಯ ತಳ, ನದಿಯ ಇಕ್ಕೆಲದ ಕಾಡು. ನೀರು ನಿಂತರೆ ಎರಡು ದಡದ ಮರಗಳ ತಲೆಗಳು ಸೇರುವುದಿಲ್ಲ. ಮರದಿಂದ ಮರಕ್ಕೆ ದಾಟಿ ಬದುಕುವ ಸಿಂಗಳೀಕಕ್ಕೆ ಅದು ಗೋಡೆ ಕಟ್ಟಿದ ಹಾಗೆ. ಜೊತೆಗೆ ಸಾವಿರಾರು ಕೆಲಸಗಾರರು, ಅವರ ಸೌದೆ, ರಸ್ತೆ, ಕಾಲನಿ.

ಜನರಿಗೆ ವಿಜ್ಞಾನ ತಲುಪಿಸುವ ಸಂಘಟನೆ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಈ ವಿಷಯವನ್ನು ಹಳ್ಳಿ ಹಳ್ಳಿಗೆ ಒಯ್ದಿತು. ಮೇಷ್ಟ್ರುಗಳು, ವಿಜ್ಞಾನಿಗಳು, ಕವಿಗಳು ಸೇರಿದರು. ಕವಯಿತ್ರಿ ಸುಗತಕುಮಾರಿ ಮುಂಚೂಣಿಯಲ್ಲಿದ್ದರು. ಪಕ್ಷಿತಜ್ಞ ಸಲೀಂ ಅಲಿ, ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಯೋಜನೆ ಬೇಡ ಅಂದರು. ವಿಷಯ ಕೋರ್ಟಿಗೂ ಹೋಯಿತು. ಕೊನೆಗೆ ವಿಜ್ಞಾನಿ ಎಂ.ಜಿ.ಕೆ. ಮೆನನ್ ನೇತೃತ್ವದ ಸಮಿತಿಯ ವರದಿ ಬಂದ ಮೇಲೆ, 1983ರಲ್ಲಿ ಇಂದಿರಾ ಗಾಂಧಿ ಸರ್ಕಾರ ಯೋಜನೆಯನ್ನು ಕೈಬಿಡಿಸಿತು. 1984ರ ನವೆಂಬರ್‌ನಲ್ಲಿ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆ ಆಯಿತು. ಅಷ್ಟರಲ್ಲಿ ಇಂದಿರಾ ಹತ್ಯೆಯಾಗಿತ್ತು. 1985ರ ಸೆಪ್ಟೆಂಬರ್ 7ರಂದು ರಾಜೀವ್ ಗಾಂಧಿ ಬಂದು ಉದ್ಘಾಟಿಸಿದರು.

ಅಲ್ಲಿಗೆ ಮುಗಿಯಲಿಲ್ಲ. 2000ದ ನಂತರ ಉದ್ಯಾನದ ಗಡಿಯ ಹೊರಗೆ, ಕೆಳಗಿನ ಪಾತ್ರಕ್ಕಡವಿನಲ್ಲಿ 70 ಮೆಗಾವಾಟ್‌ನ ಇನ್ನೊಂದು ಯೋಜನೆ ತಲೆ ಎತ್ತಿತು. ಅದಕ್ಕೂ ವಿರೋಧ ಬಂತು. 2007ರಲ್ಲಿ ಉದ್ಯಾನದ ಸುತ್ತ 148 ಚದರ ಕಿಲೋಮೀಟರ್ ರಕ್ಷಣಾ ವಲಯ ಸೇರಿಸಿದರು. ಒಳಗಿನ ಮೂಲ ಉದ್ಯಾನ 89.52 ಚದರ ಕಿಲೋಮೀಟರ್. ಗೋಪುರದ ಮೇಲೆ ನಿಂತಾಗ ಕೆಳಗೆ ನದಿಯ ಗೆರೆ ಹುಡುಕಿ. ಆ ಗೆರೆಯ ಎರಡೂ ಕಡೆ ನೀರು ನಿಲ್ಲಬೇಕಿತ್ತು.

ಕಾಡು ಇಷ್ಟು ದೊಡ್ಡದಿದೆ, ಒಂದೇ ದಾರೀಲಿ ಯಾಕೆ ಕರ್ಕೊಂಡು ಹೋಗ್ತಾರೆ?

ಉಳಿದದ್ದನ್ನು ಯಾರಿಗೂ ತೋರಿಸಬಾರದು ಅಂತಲೇ. ಉತ್ತರಕ್ಕೆ ನೆಲ ಏರುತ್ತಾ ಹೋಗಿ 2383 ಮೀಟರ್‌ನ ಅಂಗಿಂಡ ಶಿಖರ ಮುಟ್ಟುತ್ತದೆ. ಮೇಲೆ ಶೋಲಾ ಕಾಡು, ಹುಲ್ಲುಗಾವಲು, ಅಲ್ಲಿ ನೀಲಗಿರಿ ತಾರ್ ಅನ್ನುವ ಕಾಡುಮೇಕೆ. ಅಲ್ಲಿಗೆ ಪ್ರವಾಸಿಗರು ಹೋಗುವಂತಿಲ್ಲ, ಹೋಗಬೇಕಾಗಿಯೂ ಇಲ್ಲ.

ಪಕ್ಷಿ ನೋಡೋಕೆ ಹೋಗ್ತಿದ್ದೀನಿ. ಕಾಡಿಡೀ ಖಾಲಿ ಅನ್ಸತ್ತೆ, ಮತ್ತೆ ಒಮ್ಮೆಲೇ ಎಲ್ಲ ಬರ್ತವೆ. ಯಾಕೆ?

ಒಳ್ಳೆಯ ಪ್ರಶ್ನೆ. ಮಳೆಕಾಡಿನ ಸಣ್ಣ ಹಕ್ಕಿಗಳು ಬೇರೆ ಬೇರೆ ಜಾತಿಯವು ಸೇರಿ ತಂಡ ಕಟ್ಟಿಕೊಂಡು ತಿರುಗುತ್ತವೆ. ಒಬ್ಬರು ಎಲೆಯಡಿ ಹುಡುಕಿದರೆ ಇನ್ನೊಬ್ಬರು ತೊಗಟೆ, ಮತ್ತೊಬ್ಬರು ಗಾಳಿಯಲ್ಲಿ ಹಾರುವ ಹುಳು. ಕಣ್ಣು ಜಾಸ್ತಿ ಇದ್ದಷ್ಟು ಗಿಡುಗ ಬೇಗ ಕಾಣುತ್ತದೆ. ಈ ತಂಡದ ಜೊತೆ ಭೀಮರಾಜ ಇರುವುದು ಸಾಮಾನ್ಯ. ಬಾಲದಲ್ಲಿ ಎರಡು ಉದ್ದ ತಂತಿ, ತುದಿಯಲ್ಲಿ ಗರಿ. ಅಪಾಯ ಬಂದರೆ ಮೊದಲು ಕೂಗುವುದೂ ಅದೇ, ಬೇರೆಯವರು ಎಬ್ಬಿಸಿದ ಹುಳುವನ್ನು ಕದಿಯುವುದೂ ಅದೇ.

ಹಾಗಾಗಿ ಹುಡುಕಿಕೊಂಡು ಓಡಾಡಬೇಡಿ. ಭೀಮರಾಜನ ದನಿ ಕೇಳಿದ ಕಡೆ ನಿಂತು ಬಿಡಿ, ತಂಡ ನಿಮ್ಮ ಮೇಲೆ ಹಾದು ಹೋಗುತ್ತದೆ. ಐದು ನಿಮಿಷ ಗಡಿಬಿಡಿ, ಮತ್ತೆ ಮೌನ. ಬೆಳಿಗ್ಗೆ ಹರಿಯುವ ನೀರಿನ ಹತ್ತಿರ ಮನುಷ್ಯರು ಶಿಳ್ಳೆ ಹಾಕಿದ ಹಾಗೆ ಕೇಳಿದರೆ ಅದು ಸಿಳ್ಳಾರ. ತಲೆಯ ಮೇಲೆ ದೊಡ್ಡ ಉಸಿರಿನಂಥ ಸದ್ದು ಬಂದರೆ ದೊಡ್ಡ ಮಂಗಟ್ಟೆ ಹಾರುತ್ತಿದೆ, ರೆಕ್ಕೆಯ ಸದ್ದು ಅದು. ಕಾಡಿನ ಒಳಗೆ ನಿಶ್ಚಲವಾಗಿ ಕೂತಿರುವ ಕೆಂಪು ಹೊಟ್ಟೆಯ ಟ್ರೋಗನ್ ಕಣ್ಣೆದುರೇ ಇದ್ದರೂ ಗೈಡ್ ತೋರಿಸದೆ ಕಾಣುವುದಿಲ್ಲ.

ನಾವು ಜೀಪಲ್ಲಿ ಹೋಗೋದೇ ಕಾಡಿಗೆ ತೊಂದರೆ ಅಲ್ವಾ?

ಸ್ವಲ್ಪ ತೊಂದರೆಯೇ. ರಸ್ತೆ ಅಂದರೆ ಮರಗಳ ನಡುವೆ ಬಿರುಕು. ಬಿರುಕು ಅಗಲವಾದರೆ ಸಿಂಗಳೀಕ ನೆಲಕ್ಕಿಳಿಯಬೇಕು. ನೆಲಕ್ಕಿಳಿದರೆ ಗಾಡಿ, ನಾಯಿ, ನಾವು ಎಸೆದ ಬಿಸ್ಕತ್ತು. ಬೇರೆ ಕೆಲವು ಘಾಟ್ ರಸ್ತೆಗಳಲ್ಲಿ ಇದು ಆಗಿಹೋಗಿದೆ, ಸಿಂಗಳೀಕ ರಸ್ತೆ ಬದಿ ಕೈಚಾಚುವುದನ್ನು ಕಲಿತಿದೆ. ಇಲ್ಲಿ ಗಾಡಿಗಳಿಗೆ ಲೆಕ್ಕ ಇರುವುದು, ರಸ್ತೆ ಕಿರಿದಾಗಿಯೇ ಇರುವುದು ಅದಕ್ಕೇ. ಇನ್ನೊಂದು ಕಡೆ, ಟಿಕೆಟ್ಟು, ಜೀಪು, ಗೈಡ್‌ಗಳ ದುಡ್ಡಿನಲ್ಲಿ ಸುತ್ತಲಿನ ಕೆಲವು ಮನೆಗಳು ನಡೆಯುತ್ತವೆ, ಅವರಿಗೆ ಈ ಕಾಡು ಹೀಗೇ ಇರಬೇಕು. ಎರಡನ್ನೂ ತೂಗಿದರೆ ಹೋಗಬಹುದು ಅಂತ ನನ್ನ ಅಭಿಪ್ರಾಯ. ಆದರೆ ವರ್ಷಕ್ಕೊಮ್ಮೆ ಹೊಸ ರೀಲ್ ಮಾಡಲು ಹೋಗಬೇಕಿಲ್ಲ.

ಈ ನೀರೆಲ್ಲ ಎಲ್ಲಿಗೆ ಹೋಗತ್ತೆ? ಕಾವೇರಿಗೂ ಸೇರತ್ತಂತೆ?

ಕುಂತಿಪುಳ ಪಶ್ಚಿಮಕ್ಕೆ. ತೂತಪುಳ ಆಗಿ ಭಾರತಪುಳ ಸೇರಿ ಅರಬ್ಬಿ ಸಮುದ್ರ ಮುಟ್ಟುತ್ತದೆ. ಆದರೆ ಬೆಟ್ಟದ ಪೂರ್ವ ಮಗ್ಗುಲಿನ ನೀರು ಭವಾನಿಗೆ. ಮುಕ್ಕಾಲಿಯಲ್ಲಿ ನೀವು ನೋಡುವ ಹೊಳೆ ಭವಾನಿಯೇ. ಅದು ಅಟ್ಟಪ್ಪಾಡಿ ದಾಟಿ ತಮಿಳುನಾಡಿಗೆ ಹೋಗಿ ಕಾವೇರಿ ಸೇರುತ್ತದೆ. ಕೇರಳದಲ್ಲಿ ಪೂರ್ವಕ್ಕೆ ಹರಿಯುವ ನದಿಗಳು ಮೂರೇ: ಕಬಿನಿ, ಭವಾನಿ, ಪಾಂಬಾರ್. ಮೂರೂ ಕಾವೇರಿಯ ಪಾಲು. ಕಬಿನಿಯಂತೂ ನಮ್ಮ ಮನೆಯದೇ.

ನಮ್ಮ ರಾಜ್ಯದ ಸಿಂಗಳೀಕಗಳ ಕಥೆ ಏನು?

ಉತ್ತರ ಕನ್ನಡದ ಕಾಡುಗಳವರೆಗೂ ಸಿಂಗಳೀಕ ಇವೆ. 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ ಅವುಗಳ ಹೆಸರಿನಲ್ಲೇ ಸಂರಕ್ಷಿತ ಪ್ರದೇಶ ಆಯಿತು, 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯಕ್ಕೂ ಅವುಗಳ ಹೆಸರು ಬಂತು. ಇಲ್ಲಿ ಅವು ಅಡಿಕೆ ತೋಟ, ಸೊಪ್ಪಿನ ಬೆಟ್ಟ, ಹಳ್ಳಿಗಳ ಮಧ್ಯದ ಕಾಡಿನಲ್ಲಿ ಬದುಕಬೇಕು. ಜೀಪು ಹತ್ತಿ ನೋಡುವ ವ್ಯವಸ್ಥೆಗಿಂತ ಊರವರ ಪರಿಚಯ ಇದ್ದರೆ ಅನುಕೂಲ.

ಸೈಲೆಂಟ್ ವ್ಯಾಲಿಯ ಹೋರಾಟ ನಡೆಯುತ್ತಿದ್ದ ಕಾಲದಲ್ಲೇ ಬೇಡ್ತಿ ಜಲವಿದ್ಯುತ್ ಯೋಜನೆಯ ವಿರುದ್ಧ ಶಿರಸಿ, ಯಲ್ಲಾಪುರ ಕಡೆಯ ಅಡಿಕೆ ಬೆಳೆಗಾರರು ಎದ್ದು ನಿಂತಿದ್ದರು. ಆ ಯೋಜನೆಯೂ ನಿಂತಿತು. ಈಗ ಶರಾವತಿಯಲ್ಲಿ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್, ಅಂದರೆ ನೀರನ್ನು ಮೇಲಕ್ಕೆ ಪಂಪ್ ಮಾಡಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ತೆಗೆಯುವ ಯೋಜನೆಯ ಮಾತು ನಡೆದಿದೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, ಅದೇ ಸಿಂಗಳೀಕ ಅಭಯಾರಣ್ಯದೊಳಗೆ. ಕರೆಂಟು ಬೇಕು ಅನ್ನುವ ವಾದ, ಕಾಡು ತುಂಡಾಗುತ್ತದೆ ಅನ್ನುವ ವಾದ, ಎರಡೂ 1970ರ ದಶಕದ ಕೇರಳದಲ್ಲಿ ಕೇಳಿದವೇ. ಸೈರಂಧ್ರಿಗೆ ಹೋಗಿ ಬಂದವರು ಒಮ್ಮೆ ಶರಾವತಿ ಕಣಿವೆಗೂ ಹೋಗಿ ನೋಡಿ, ಹೊನ್ನಾವರದಿಂದ ಗೇರುಸೊಪ್ಪೆ ಹತ್ತಿರವೇ ಇದೆ.